ಬೀಗ ಭದ್ರ, ಬ್ಯಾಗು ಬರಿದು

ವಿದೇಶದಿಂದ ಬಂದವರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಬ್ಯಾಗು ಬೆಲ್ಟಿನ ಮೇಲೆ ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಜಿಪ್ಪು ಪೂರ್ತಿ ಹಾಕಿತ್ತು, ನಂಬರ್ ಲಾಕ್ ಹಾಕಿದ ಹಾಗೇ ಇತ್ತು, ಎಲ್ಲೂ ಹರಿದಿರಲಿಲ್ಲ, ಕೊಯ್ದಿರಲಿಲ್ಲ. ಮನೆಗೆ ಬಂದು ಸ್ನಾನ, ಊಟ ಮುಗಿಸಿ, ಮಕ್ಕಳಿಗೆ ತಂದದ್ದನ್ನು ಕೊಡೋಣವೆಂದು ಬಿಚ್ಚಿದರೆ ಸೆಂಟಿನ ಬಾಟಲಿ ಇಲ್ಲ. ಕೈಗಡಿಯಾರದ ಡಬ್ಬಿ ಇದೆ, ಗಡಿಯಾರ ಇಲ್ಲ. ‘ನೀವೇ ಇಡೋದು ಮರೆತಿರಬೇಕು’ ಎಂದು ಮನೆಯವರು ಹೇಳುತ್ತಾರೆ. ಬೀಗ ನೋಡಿದರೆ ಹಾಗೇ ಇರುವುದರಿಂದ ಇಟ್ಟವರಿಗೂ ತಮ್ಮ ನೆನಪಿನ ಮೇಲೆ ಅನುಮಾನ ಹುಟ್ಟುತ್ತದೆ.

ಬೀಗ ಒಡೆಯದೆ ಬ್ಯಾಗು ಬರಿದಾಗುವುದು ಹೇಗೆ? ಯಾರೋ ನಂಬರ್ ಕಂಡುಹಿಡಿದಿರಬೇಕು ಎನ್ನುತ್ತಾರೆ ಕೆಲವರು. ಅವರ ಹತ್ತಿರ ಎಲ್ಲ ಬೀಗಕ್ಕೂ ಆಗುವ ಕೀಲಿಕೈ ಇರುತ್ತದಂತೆ ಎನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ನಿಜವಿದೆ. ಆದರೆ ಎರಡಕ್ಕಿಂತ ಸುಲಭವಾದ ಮೂರನೆಯ ದಾರಿಯೊಂದಿದೆ. ಅದಕ್ಕೆ ಬೀಗವನ್ನು ಮುಟ್ಟಬೇಕಾಗಿಯೇ ಇಲ್ಲ.

ಯಾರ ಕಣ್ಣೂ ಇಲ್ಲದ ಹೊತ್ತು

ಕೌಂಟರಿನಲ್ಲಿ ತೂಕ ನೋಡಿ, ಹಿಡಿಗೆ ಟ್ಯಾಗ್ ಸುತ್ತಿ, ಬೆಲ್ಟಿಗೆ ತಳ್ಳಿದ ಬ್ಯಾಗು ನಿಮಗೆ ಮತ್ತೆ ಕಾಣುವುದು ಇನ್ನೊಂದು ಊರಿನಲ್ಲಿ. ನಡುವೆ ಅದು ಎಕ್ಸ್‌-ರೇ ಯಂತ್ರದೊಳಗೆ ಹಾಯುತ್ತದೆ. ಚಿತ್ರದಲ್ಲಿ ಏನಾದರೂ ಅನುಮಾನ ಬಂದರೆ ಬದಿಗೆ ಸರಿದು ತಪಾಸಣೆಯವರ ಮೇಜಿಗೆ ಹೋಗುತ್ತದೆ. ಇಲ್ಲದಿದ್ದರೆ ಯಾವ ವಿಮಾನಕ್ಕೆ ಯಾವುದೆಂದು ವಿಂಗಡವಾಗಿ, ಟ್ರಾಲಿಯೇರಿ, ವಿಮಾನ ನಿಲ್ಲುವ ಅಂಗಳದ ಬಿಸಿಲಿನಲ್ಲೋ ಮಳೆಯಲ್ಲೋ ಕಾದು ವಿಮಾನದ ಹೊಟ್ಟೆ ಸೇರುತ್ತದೆ.

ದೊಡ್ಡ ವಿಮಾನಗಳಲ್ಲಿ ಬ್ಯಾಗುಗಳನ್ನು ಮೊದಲೇ ಲೋಹದ ಪೆಟ್ಟಿಗೆಗಳಿಗೆ ತುಂಬಿ, ಪೆಟ್ಟಿಗೆಯನ್ನೇ ಒಳಕ್ಕೆ ಸರಿಸುತ್ತಾರೆ. ಬೋಯಿಂಗ್ 737ರಂಥ ಸಣ್ಣ ವಿಮಾನಗಳಲ್ಲಿ ಹಾಗಿಲ್ಲ. ಅಲ್ಲಿ ಒಂದೊಂದು ಬ್ಯಾಗನ್ನೂ ಕೈಯಲ್ಲೇ ಜೋಡಿಸಬೇಕು. ವಿಮಾನದ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವಿರುವುದಿಲ್ಲ. ಲೋಡರ್ ಮೊಣಕಾಲೂರಿ ಕೂತು, ಬಾಗಿಲಿನಿಂದ ಬಂದದ್ದನ್ನು ಹಿಂದಕ್ಕೆ ಸಾಗಿಸಿ ಪೇರಿಸುತ್ತಾನೆ. ಹೊರಗಿನವರಿಗೆ ಅವನು ಕಾಣುವುದಿಲ್ಲ.

ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಬೆನ್ನು ನೋಯಿಸಿಕೊಂಡು ದುಡಿಯುವ ಪ್ರಾಮಾಣಿಕರು. ಆದರೆ ಕಳ್ಳತನ ನಡೆದಾಗ ಅದು ನಡೆಯುವುದು ಇಂಥ ಜಾಗಗಳಲ್ಲೇ. ಅಮೆರಿಕದ ಮಯಾಮಿ ವಿಮಾನ ನಿಲ್ದಾಣದಲ್ಲಿ ಪೊಲೀಸರು ಗುಟ್ಟಾಗಿ ಕ್ಯಾಮೆರಾ ಇಟ್ಟು ತೆಗೆದ ದೃಶ್ಯಗಳನ್ನು 2015ರಲ್ಲಿ ಸಿಎನ್‌ಎನ್ ಪ್ರಸಾರ ಮಾಡಿತು. ವಿಮಾನದ ಹೊಟ್ಟೆಯೊಳಗೆ ಕೂತು ಪ್ರಯಾಣಿಕರ ಬ್ಯಾಗುಗಳಿಗೆ ಕೈಹಾಕುತ್ತಿದ್ದವರು ಅದರಲ್ಲಿ ಕಂಡರು. ನ್ಯೂಅರ್ಕ್ ನಿಲ್ದಾಣದಲ್ಲಿ 2008ರಲ್ಲಿ ಸಿಕ್ಕಿಬಿದ್ದವನಂತೂ ತಪಾಸಣಾ ಅಧಿಕಾರಿಯೇ. ಕದ್ದ ಕ್ಯಾಮೆರಾಗಳನ್ನು ಇಬೇಯಲ್ಲಿ ಮಾರಾಟಕ್ಕಿಟ್ಟು ಸಿಕ್ಕಿಬಿದ್ದು, ಜೈಲಿಗೆ ಹೋದ. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಕರಣ ಅದು.

ಇಂಥ ಕಳ್ಳನಿಗೆ ಇರುವ ಅಡಚಣೆಗಳು ಎರಡು. ಮೊದಲನೆಯದು ಸಮಯ. ಕೆಲವು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಬ್ಯಾಗಿನ ಮುಂದೆ ಕೂರುವಂತಿಲ್ಲ. ಎರಡನೆಯದು ಮುಖ್ಯವಾದದ್ದು: ಕೈಹಾಕಿದ ಮೇಲೆ ಬ್ಯಾಗು ಮೊದಲಿನಂತೆಯೇ ಕಾಣಬೇಕು. ಕೊಯ್ದ ಬ್ಯಾಗು ಮುಂದಿನ ಕೈಗೆ ಹೋದ ಕೂಡಲೇ ಗಲಾಟೆಯಾಗುತ್ತದೆ. ಯಾವ ಹೊತ್ತಿನಲ್ಲಿ, ಯಾರ ಪಾಳಿಯಲ್ಲಿ ಎಂದು ಲೆಕ್ಕ ಹಾಕಿ ಕ್ಯಾಮೆರಾ ನೋಡಬಹುದು. ಮುಚ್ಚಿದಂತೆಯೇ ಇರುವ ಬ್ಯಾಗಾದರೆ ಕಳವು ಗೊತ್ತಾಗುವುದು ಸಾವಿರಾರು ಮೈಲಿ ಆಚೆ, ಯಾರದೋ ಮಲಗುವ ಕೋಣೆಯಲ್ಲಿ. ಬೆಂಗಳೂರಿನಲ್ಲಿ ಹೋಯಿತೋ, ದುಬೈಯಲ್ಲಿ ವಿಮಾನ ಬದಲಿಸುವಾಗ ಹೋಯಿತೋ, ಇಳಿದ ಊರಿನಲ್ಲಿ ಹೋಯಿತೋ, ಹೇಳುವವರಿಲ್ಲ. ಮೂರೂ ಕಡೆಯವರು ‘ನಮ್ಮಲ್ಲಿ ಅಲ್ಲ’ ಎನ್ನಬಹುದು.

ಹಾಗಾಗಿ ತೆರೆಯಲು ಸುಲಭವಾದರೆ ಕಳ್ಳನಿಗೆ ಸಾಲದು. ತೆರೆದದ್ದನ್ನು ಗುರುತು ಸಿಗದಂತೆ ಮತ್ತೆ ಮುಚ್ಚಲು ಬರಬೇಕು. ಬ್ಯಾಗಿನ ಭದ್ರತೆಯನ್ನು ಈ ಕಡೆಯಿಂದ ನೋಡಿದರೆ ಬೀಗಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಜಿಪ್ಪು.

ರನ್ನರ್ ಮಾಡುವ ಕೆಲಸ

ಜಿಪ್ಪಿಗೆ ಇಂದಿನ ರೂಪ ಕೊಟ್ಟವರು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಎಂಜಿನಿಯರ್ ಗಿಡಿಯಾನ್ ಸುಂಡ್‌ಬ್ಯಾಕ್. 1917ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಅವರದು ಲೋಹದ ಹಲ್ಲುಗಳ ಜಿಪ್ಪು. ಜೀನ್ಸ್ ಪ್ಯಾಂಟಿನಲ್ಲಿ ಈಗಲೂ ಅದನ್ನೇ ನೋಡುತ್ತೇವೆ.

ಟ್ರಾಲಿ ಬ್ಯಾಗಿನಲ್ಲಿ ಇರುವುದು ಸಾಮಾನ್ಯವಾಗಿ ಬೇರೆ ಜಾತಿ. ಅದರ ಅಂಚನ್ನು ಹತ್ತಿರದಿಂದ ನೋಡಿ. ಬಿಡಿಬಿಡಿ ಹಲ್ಲುಗಳು ಕಾಣುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರಿನ ಒಂದೇ ಉದ್ದನೆಯ ಗಟ್ಟಿ ಎಳೆಯನ್ನು ಸುರುಳಿ ಸುತ್ತಿ, ಬಟ್ಟೆಯ ಪಟ್ಟಿಯ ಅಂಚಿಗೆ ಹೊಲಿದಿರುತ್ತಾರೆ. ಎಡಪಟ್ಟಿಗೆ ಒಂದು ಸುರುಳಿ, ಬಲಪಟ್ಟಿಗೆ ಒಂದು. ಇದನ್ನು ಸುರುಳಿ ಜಿಪ್ಪು ಎನ್ನೋಣ. ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ, ಬ್ಯಾಗಿನ ಮೂಲೆಗಳಲ್ಲಿ ಸಲೀಸಾಗಿ ಬಾಗುತ್ತದೆ. ಬ್ಯಾಗ್ ತಯಾರಿಸುವವರಿಗೆ ಇದು ಇಷ್ಟವಾಗಿರುವುದು ಈ ಕಾರಣಗಳಿಗೆ.

ಅದರ ಮೇಲೆ ಓಡಾಡುವ ಲೋಹದ ತುಂಡಿಗೆ ಹೊಲಿಗೆಯವರು ರನ್ನರ್ ಎನ್ನುತ್ತಾರೆ. ರನ್ನರಿನ ಒಳಗೆ ಕವಲೊಡೆದ ಒಂದು ಪುಟ್ಟ ಕಾಲುವೆ ಇದೆ. ಒಂದು ತುದಿಯಲ್ಲಿ ಎರಡು ಬಾಯಿ, ಇನ್ನೊಂದು ತುದಿಯಲ್ಲಿ ಒಂದೇ ಬಾಯಿ. ಕವಲು ಕೂಡುವಲ್ಲಿ ಒಂದು ಬೆಣೆ. ರನ್ನರನ್ನು ಮುಚ್ಚುವ ಕಡೆಗೆ ಎಳೆದಾಗ ಎರಡು ಸುರುಳಿಗಳೂ ಎರಡು ಬಾಯಿಗಳಿಂದ ಓರೆಯಾಗಿ ಒಳಬರುತ್ತವೆ. ಓರೆಯಾಗಿ ಬರುವುದರಿಂದ ಈ ಸುರುಳಿಯ ಸುತ್ತು ಆ ಸುರುಳಿಯ ಸಂದಿಗೆ ನುಸುಳುತ್ತದೆ. ಹೊರಬರುವಾಗ ನೆಟ್ಟಗಾಗಿ, ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಎದುರು ದಿಕ್ಕಿಗೆ ಎಳೆದರೆ ಬೆಣೆ ಅವುಗಳ ನಡುವೆ ನುಗ್ಗಿ ಮತ್ತೆ ಬಿಡಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ರನ್ನರ್ ದಾಟಿಹೋದ ಜಾಗದಲ್ಲಿ ಅದರ ಕೆಲಸ ಮುಗಿದಿರುತ್ತದೆ. ಅಲ್ಲಿಂದಾಚೆಗೆ ಸುರುಳಿಗಳನ್ನು ಹಿಡಿದಿರುವುದು ಅವುಗಳ ಪರಸ್ಪರ ಹಿಡಿತ ಮಾತ್ರ. ದೊಡ್ಡ ಬ್ಯಾಗಿನ ಜಿಪ್ಪು ಐದಾರು ಅಡಿ ಉದ್ದವಿರುತ್ತದೆ. ನೀವು ಬೀಗ ಹಾಕುವುದು ಅದರಲ್ಲಿ ಒಂದೆರಡು ಅಂಗುಲದ ಜಾಗಕ್ಕೆ, ಎರಡು ರನ್ನರುಗಳ ಹಿಡಿಗಳನ್ನು ಜೋಡಿಸಿ. ಉಳಿದ ಅಷ್ಟುದ್ದಕ್ಕೂ ಬೀಗದ ಸಂಬಂಧವೇ ಇಲ್ಲ.

ಪೆನ್ನಿನ ಮೊನೆ

ಅಟ್ಟದ ಮೇಲೆ ಬಿಸಾಡಿದ ಹಳೆಯ ಟ್ರಾಲಿ ಬ್ಯಾಗ್ ಇದ್ದರೆ ಇಳಿಸಿ, ಎರಡು ರನ್ನರುಗಳನ್ನೂ ಕೂಡಿಸಿ ಬೀಗ ಹಾಕಿ, ಸಾಧಾರಣ ಬಾಲ್‌ಪೆನ್ನಿನ ಮೊನೆಯನ್ನು ಜಿಪ್ಪಿನ ನಡುಗೆರೆಯ ಮೇಲೆ ಒತ್ತಿ ನೋಡಿ. ಸುರುಳಿಯ ಎಳೆ ಪ್ಲಾಸ್ಟಿಕ್ಕಿನದು. ಒತ್ತಿದರೆ ಬಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಮೊನೆ ಎರಡು ಸುತ್ತುಗಳ ನಡುವೆ ನುಗ್ಗುತ್ತದೆ. ರನ್ನರಿನೊಳಗಿನ ಬೆಣೆ ಮಾಡುತ್ತಿದ್ದ ಕೆಲಸವನ್ನೇ ಈಗ ಪೆನ್ನು ಮಾಡುತ್ತದೆ. ಒಂದು ಸುತ್ತು ಬಿಟ್ಟುಕೊಂಡಿತೆಂದರೆ ಪಕ್ಕದ ಸುತ್ತಿಗೆ ಒಂದು ಕಡೆಯ ಆಸರೆ ತಪ್ಪುತ್ತದೆ. ಎರಡು ಕೈಯಲ್ಲಿ ಅಂಚುಗಳನ್ನು ಎಳೆದರೆ ಪಟಪಟನೆ ಬಿಚ್ಚಿಕೊಳ್ಳುತ್ತಾ ಹೋಗಿ, ಕೈ ಹೋಗುವಷ್ಟು ಬಾಯಿ ತೆರೆಯುತ್ತದೆ. ಬೀಗ ತನ್ನ ಜಾಗದಲ್ಲಿ ತಾನಿದೆ.

ಮುಚ್ಚುವುದು ಇನ್ನೂ ಸುಲಭ. ಬೀಗದಿಂದ ಜೋಡಿಯಾಗಿರುವ ರನ್ನರುಗಳನ್ನು ಬೀಗದ ಸಮೇತ ತೆರೆದ ಜಾಗದ ಮೇಲೆ ಒಮ್ಮೆ ಎಳೆದುಕೊಂಡು ಹೋಗಿ. ಜೋಡಿಯಲ್ಲಿ ಮುಂದಿರುವ ರನ್ನರ್ ಬಿಡಿಸುತ್ತಾ ಸಾಗುತ್ತದೆ, ಹಿಂದಿರುವುದು ಹೊಲಿಯುತ್ತಾ ಬರುತ್ತದೆ. ಪೆನ್ನು ಬಿಡಿಸಿದ್ದ ಸುರುಳಿಗಳೂ ಆ ಹಿಂದಿನ ರನ್ನರಿಗೆ ಸಿಕ್ಕಿ ಮತ್ತೆ ಕೂಡಿಕೊಳ್ಳುತ್ತವೆ. ಜೋಡಿಯನ್ನು ಇದ್ದಲ್ಲಿಗೆ ತಂದು ನಿಲ್ಲಿಸಿದರೆ ಮುಗಿಯಿತು. ಜಿಪ್ಪಿನ ಮೇಲೆ ಗೀರೂ ಇರುವುದಿಲ್ಲ.

ಅಕ್ಕಿ ಮಂಡಿಯಲ್ಲಿ ಮೂಟೆಯ ಬಾಯಿ ಬಿಚ್ಚದೆ ಒಳಗಿನ ಅಕ್ಕಿ ನೋಡುವುದನ್ನು ಕಂಡಿದ್ದರೆ ಇದು ಹೊಸದೆನಿಸದು. ಚೂಪು ಮೂತಿಯ ಕಬ್ಬಿಣದ ಕೊಳವೆಯನ್ನು ಗೋಣಿಯ ನೇಯ್ಗೆಯೊಳಗೆ ಚುಚ್ಚುತ್ತಾರೆ. ಹಿಡಿಯಷ್ಟು ಅಕ್ಕಿ ಕೊಳವೆಯಿಂದ ಅಂಗೈಗೆ ಇಳಿಯುತ್ತದೆ. ಕೊಳವೆ ಕಿತ್ತು ಆ ಜಾಗವನ್ನು ಎರಡು ಸಲ ಉಜ್ಜಿದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಮೂಟೆಯ ಬಾಯಿಗೆ ಎಂಥ ಹೊಲಿಗೆ ಹಾಕಿದ್ದರೇನು, ಅಕ್ಕಿ ಹೊರಬಂದದ್ದು ಅಲ್ಲಿಂದಲ್ಲ.

ಲೋಹದ ಹಲ್ಲಿನ ಜಿಪ್ಪು ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬಲವಂತ ಮಾಡಿದರೆ ಹಲ್ಲು ಸೊಟ್ಟಗಾಗಿ ರನ್ನರ್ ಅಲ್ಲೇ ತಡೆಯುತ್ತದೆ, ಗುರುತು ಉಳಿಯುತ್ತದೆ. ಸುರುಳಿ ಜಿಪ್ಪಿನ ಒಳ್ಳೆಯ ಗುಣವೇ, ಅಂದರೆ ಬಾಗಿ ಮತ್ತೆ ಮೊದಲಿನಂತಾಗುವ ಗುಣವೇ, ಇಲ್ಲಿ ಅದಕ್ಕೆ ಮುಳುವಾಗಿದೆ.

ಸಾವಿರ ಅಲ್ಲ, ಮೂವತ್ತು

ಜಿಪ್ಪಿನ ಮಾತು ಹಾಗಿರಲಿ, ಬೀಗವನ್ನೇ ನೋಡೋಣ. ಮೂರು ಚಕ್ರದ ನಂಬರ್ ಲಾಕಿನಲ್ಲಿ 000ದಿಂದ 999ರವರೆಗೆ ಒಟ್ಟು 1000 ಸಂಖ್ಯೆಗಳು. ಒಂದೊಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಎಲ್ಲವನ್ನೂ ತಿರುಗಿಸಿ ನೋಡಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಮೊಣಕಾಲೂರಿ ಕೂತವನಿಗೆ ಅಷ್ಟು ಪುರಸೊತ್ತಿಲ್ಲ.

ಆದರೆ ಈ ಲೆಕ್ಕ ನಿಲ್ಲುವುದು ಬೀಗ ಅಚ್ಚುಕಟ್ಟಾಗಿ ತಯಾರಾಗಿದ್ದರೆ ಮಾತ್ರ. ಒಂದೊಂದು ಚಕ್ರದಲ್ಲೂ ಒಂದು ಸಂದು ಇರುತ್ತದೆ. ಮೂರು ಸಂದುಗಳೂ ಒಂದೇ ಸಾಲಿಗೆ ಬಂದಾಗ ಒಳಗಿನ ಸರಳು ಜಾರಿ ಹೊರಬರುತ್ತದೆ. ಅಗ್ಗದ ಬೀಗದಲ್ಲಿ ಮೂರು ಚಕ್ರಗಳೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಬೀಗದ ಕೊಂಡಿಯನ್ನು ಹಿಡಿದೆಳೆದರೆ ಸರಳಿನ ಒತ್ತಡವೆಲ್ಲ ಮೊದಲು ಒಂದೇ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಬಿಗಿಯಾಗಿ ತಿರುಗುತ್ತದೆ. ಸರಿಯಾದ ಅಂಕಿಗೆ ಬಂದಾಗ ಬೆರಳಿಗೆ ಸಣ್ಣದೊಂದು ಸಡಿಲ ಗೊತ್ತಾಗುತ್ತದೆ. ಆಮೇಲೆ ಒತ್ತಡ ಇನ್ನೊಂದು ಚಕ್ರಕ್ಕೆ ಹೋಗುತ್ತದೆ.

ಮೂರನ್ನೂ ಒಟ್ಟಿಗೆ ಊಹಿಸಬೇಕಾಗಿದ್ದರೆ ಹತ್ತನ್ನು ಹತ್ತರಿಂದ, ಮತ್ತೆ ಹತ್ತರಿಂದ ಗುಣಿಸಬೇಕಿತ್ತು. ಒಂದೊಂದಾಗಿ ಕೈಗೆ ಸಿಕ್ಕುವುದಾದರೆ ಹತ್ತು, ಹತ್ತು, ಹತ್ತು ಕೂಡಿಸಿದರೆ ಸಾಕು. ಸಾವಿರ ಪ್ರಯತ್ನದ ಬೀಗ ಮೂವತ್ತು ಪ್ರಯತ್ನಕ್ಕೆ ಇಳಿಯುತ್ತದೆ. ಇದೂ ಗುರುತು ಬಿಡದ ದಾರಿಯೇ. ಕೆಲಸ ಮುಗಿದ ಮೇಲೆ ಚಕ್ರಗಳನ್ನು ತಿರುಗಿಸಿಟ್ಟರಾಯಿತು.

ಕೈ ಕೊಡದೆ ಮಾರುವ ಬೀಗ

ಬ್ಯಾಗಿಗೇ ಕೂಡಿಸಿದ ನಂಬರ್ ಲಾಕ್ ಪಕ್ಕದಲ್ಲಿ ಒಂದು ಪುಟ್ಟ ತೂತು ನೋಡಿರುತ್ತೀರಿ. ಬೀಗದ ಕೈ ಹಾಕುವ ತೂತೇ ಅದು. ಪಕ್ಕದಲ್ಲಿ ಕೆಂಪು ವಜ್ರಾಕೃತಿಯ ಗುರುತು, ‘ಟಿಎಸ್ಎ007’ ಎಂಬ ಬರಹ. ಅಂಗಡಿಯವರನ್ನು ಕೇಳಿದರೆ ‘ಅದಕ್ಕೆ ಕೀ ಬರಲ್ಲ ಸರ್’ ಎನ್ನುತ್ತಾರೆ. ಆ ಕೈ ಇರುವುದು ನಿಮಗಾಗಿ ಅಲ್ಲ, ವಿಮಾನ ನಿಲ್ದಾಣದ ತಪಾಸಣೆಯವರಿಗಾಗಿ.

ಅದರ ಹಿಂದೆ ದೊಡ್ಡ ದುರಂತಗಳ ಕಥೆ ಇದೆ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡ್ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬ್ ಇದ್ದದ್ದು ಚೆಕ್‌-ಇನ್ ಬ್ಯಾಗಿನಲ್ಲಿ. ಬ್ಯಾಗು ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆ್ಯಮ್ ವಿಮಾನ ಛಿದ್ರವಾಯಿತು. ಅಲ್ಲಿ ಸೂಟ್‌ಕೇಸಿನೊಳಗಿನ ರೇಡಿಯೋ ಕ್ಯಾಸೆಟ್ ಪ್ಲೇಯರಿನಲ್ಲಿ ಬಾಂಬ್ ಇತ್ತು. ಸತ್ತವರು 270.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ತಡಮಾಡಲಿಲ್ಲ. ಅದೇ ವರ್ಷ ನವೆಂಬರ್ 19ಕ್ಕೆ ಹೊಸ ಕಾನೂನು ಬಂತು, ಅದರಿಂದ ಸಾರಿಗೆ ಭದ್ರತಾ ಆಡಳಿತ, ಅಂದರೆ ಟಿಎಸ್ಎ ಹುಟ್ಟಿತು. 2002ರ ಡಿಸೆಂಬರ್ 31ರೊಳಗೆ ಎಲ್ಲ ಚೆಕ್‌-ಇನ್ ಬ್ಯಾಗುಗಳ ತಪಾಸಣೆ ಶುರುವಾಗಬೇಕೆಂದು ಗಡುವು ಬಿತ್ತು. ಯಂತ್ರಕ್ಕೆ ಅನುಮಾನ ಬಂದ ಬ್ಯಾಗನ್ನು ತೆರೆಯಲೇಬೇಕು. ಅದರ ಮಾಲೀಕರು ಆ ಹೊತ್ತಿಗೆ ಎಲ್ಲೋ ಕಾಫಿ ಕುಡಿಯುತ್ತಿರುತ್ತಾರೆ. ಬೀಗ ಕತ್ತರಿಸದೆ ಬೇರೆ ದಾರಿ ಇರಲಿಲ್ಲ. ಬೀಗ ಹಾಕದೆ ಕಳಿಸಿ ಎಂದರೆ ಜನ ಒಪ್ಪುತ್ತಿರಲಿಲ್ಲ.

ಎರಡಕ್ಕೂ ನಡುವಿನ ರಾಜಿಯಾಗಿ 2003ರ ನವೆಂಬರಿನಲ್ಲಿ ಟ್ರಾವೆಲ್ ಸೆಂಟ್ರಿ ಎಂಬ ಕಂಪನಿಯ ಗುರುತಿನ ಬೀಗಗಳು ಬಂದವು. ಮಾಲೀಕರಿಗೆ ನಂಬರು, ತಪಾಸಣೆಯವರಿಗೆ ಮಾಸ್ಟರ್ ಕೀ. 001ರಿಂದ 007ರವರೆಗೆ ಏಳು ಬಗೆಯ ಕೈಗಳು. ಸೇಫ್ ಸ್ಕೈಸ್ ಎಂಬ ಇನ್ನೊಂದು ಕಂಪನಿ ಪಂಜಿನ ಗುರುತಿನ ಬೀಗ ತಂದಿತು. ಬ್ಯಾಗು ತೆರೆದರೆ ಟಿಎಸ್ಎಯವರು ಒಳಗೆ ಒಂದು ಮುದ್ರಿತ ಚೀಟಿ ಇಡುತ್ತಾರೆ: ನಿಮ್ಮ ಬ್ಯಾಗನ್ನು ತಪಾಸಣೆಗಾಗಿ ತೆರೆದಿದ್ದೇವೆ, ಬೀಗ ಒಡೆಯಬೇಕಾಗಿ ಬಂದಿದ್ದರೆ ಅದಕ್ಕೆ ನಾವು ಹೊಣೆಯಲ್ಲ ಎಂಬುದು ಅದರ ಸಾರ.

ವ್ಯವಸ್ಥೆ ಅಚ್ಚುಕಟ್ಟಾಗಿ ಕಾಣುತ್ತದೆ. ಅದರ ದೋಷ ಇರುವುದು ಬೀಗದ ಹೊಟ್ಟೆಯಲ್ಲಿ.

ಬೀಗದೊಳಗಿನ ಅಳತೆ

ಇಂಥ ಸಣ್ಣ ಬೀಗಗಳೊಳಗೆ ಸಾಮಾನ್ಯವಾಗಿ ಸಾಲಾಗಿ ಕೆಲವು ತೆಳು ಲೋಹದ ಬಿಲ್ಲೆಗಳಿರುತ್ತವೆ. ಪ್ರತಿ ಬಿಲ್ಲೆಯ ನಡುವೆ ಒಂದು ಕಿಂಡಿ, ಬೀಗದ ಕೈ ಹಾಯಲು. ಒಂದೊಂದು ಬಿಲ್ಲೆಯನ್ನೂ ಒಂದು ಪುಟ್ಟ ಸ್ಪ್ರಿಂಗ್ ಹೊರಕ್ಕೆ ತಳ್ಳುತ್ತಿರುತ್ತದೆ. ಹಾಗೆ ಹೊರಚಾಚಿದ ಬಿಲ್ಲೆಗಳು ಬೀಗದ ಗೋಡೆಯ ಸಂದಿಗೆ ಸಿಕ್ಕಿ, ಒಳಗಿನ ಉರುಳೆ ತಿರುಗದಂತೆ ತಡೆಯುತ್ತವೆ. ಸರಿಯಾದ ಕೈ ಹಾಕಿದರೆ ಅದರ ಕಚ್ಚುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಸರಿಸುತ್ತವೆ. ಯಾವುದೂ ಹೊರಚಾಚಿಲ್ಲದಾಗ ಉರುಳೆ ತಿರುಗುತ್ತದೆ.

ಬಿಲ್ಲೆಯ ಕಿಂಡಿ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕ ಆಳದ ಕಚ್ಚು ಕೈಯಲ್ಲಿ ಇರಬೇಕು. ಅಂದರೆ ಬೀಗವನ್ನು ಬಿಚ್ಚಿ ಬಿಲ್ಲೆಗಳನ್ನು ಸಾಲಾಗಿಟ್ಟು ಅಳೆದರೆ ಅದರ ಕೈಯ ಆಕಾರ ತಾನಾಗಿ ಸಿಗುತ್ತದೆ. ಮನೆಯ ಬೀಗದ ವಿಷಯದಲ್ಲಿ ಇದರಿಂದ ತೊಂದರೆಯಿಲ್ಲ. ನಿಮ್ಮ ಬೀಗ ಬಿಚ್ಚಿದರೆ ಸಿಗುವುದು ನಿಮ್ಮ ಮನೆಯ ಕೈ ಮಾತ್ರ. ಟಿಎಸ್ಎ ಬೀಗದಲ್ಲಿ ಹಾಗಲ್ಲ. 007 ಎಂದು ಬರೆದ ಬೀಗಗಳೆಲ್ಲ ಅದೇ ಒಂದು ಕೈಗೆ ತೆರೆಯಬೇಕು. ಹಾಗಾಗಿ ಅಂಗಡಿಯಲ್ಲಿ ಒಂದನ್ನು ಕೊಂಡು ಬಿಚ್ಚಿದರೆ ಎಲ್ಲದರ ಅಳತೆಯೂ ಸಿಕ್ಕಂತೆ. ಗುಟ್ಟನ್ನು ಬೀಗದ ಜತೆಯಲ್ಲೇ ಕೋಟ್ಯಂತರ ಜನರಿಗೆ ಮಾರಲಾಗಿದೆ.

ಈ ಬಗೆಯ ಎಚ್ಚರಿಕೆ ಮೊದಲೇ ಬಂದಿತ್ತು. ಟಿಎಸ್ಎ ಬೀಗ ಮಾರುಕಟ್ಟೆಗೆ ಬಂದ ವರ್ಷವೇ, 2003ರ ಆರಂಭದಲ್ಲಿ, ಎಟಿ ಆ್ಯಂಡ್ ಟಿ ಪ್ರಯೋಗಾಲಯದ ಮ್ಯಾಟ್ ಬ್ಲೇಜ್ ಎಂಬ ಕಂಪ್ಯೂಟರ್ ಭದ್ರತಾ ತಜ್ಞರು ಒಂದು ಪ್ರಬಂಧ ಹೊರತಂದರು. ಅದು ಕಚೇರಿ, ಹಾಸ್ಟೆಲುಗಳ ಬಾಗಿಲುಗಳಿಗೆ ಹಾಕುವ, ಒಂದೇ ಮಾಸ್ಟರ್ ಕೀಗೆ ತೆರೆಯುವ ಬೀಗಗಳ ಬಗ್ಗೆ. ತನ್ನ ಒಂದು ಕೋಣೆಯ ಬೀಗ, ತನ್ನ ಒಂದು ಕೈ, ಕೆಲವು ಖಾಲಿ ಕೈಗಳು, ಒಂದು ಅರ, ಇಷ್ಟಿದ್ದವನು ಇಡೀ ಕಟ್ಟಡದ ಮಾಸ್ಟರ್ ಕೀ ತಯಾರಿಸಬಹುದೆಂದು ಅವರು ತೋರಿಸಿದರು. ಬೀಗದ ಕಸುಬಿನವರು ಸಿಟ್ಟಾದರು. ಅವರಿಗೆ ಅದು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ, ಹೊರಗೆ ಹೇಳಬಾರದ ಸಂಗತಿಯಾಗಿತ್ತು.

ಮುಂದಿನದು ಪತ್ರಿಕೆಯ ಚಿತ್ರವೊಂದರ ಕಥೆ. 2014ರ ನವೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಬ್ಯಾಗುಗಳ ತಪಾಸಣೆಯ ಬಗ್ಗೆ ಲೇಖನ ಪ್ರಕಟಿಸಿ, ಜತೆಗೆ ಟಿಎಸ್ಎಯ ಮಾಸ್ಟರ್ ಕೀ ಗೊಂಚಲಿನ ಸ್ಪಷ್ಟವಾದ ಫೋಟೊ ಹಾಕಿತು. ತಿಂಗಳುಗಟ್ಟಲೆ ಯಾರೂ ಅದನ್ನು ಲೆಕ್ಕಿಸಲಿಲ್ಲ. 2015ರ ಆಗಸ್ಟಿನಲ್ಲಿ ಅದು ಇಂಟರ್ನೆಟ್ಟಿನಲ್ಲಿ ಗಮನ ಸೆಳೆಯಿತು. ಪತ್ರಿಕೆ ಚಿತ್ರ ತೆಗೆಯುವ ಹೊತ್ತಿಗೆ ತಡವಾಗಿತ್ತು. ಸೆಪ್ಟೆಂಬರಿನಲ್ಲಿ ಏಳೂ ಕೈಗಳ ನಕ್ಷೆಗಳು 3ಡಿ ಪ್ರಿಂಟರಿಗೆ ಹಾಕುವ ರೂಪದಲ್ಲಿ ಎಲ್ಲರಿಗೂ ಸಿಗುವಂತಾದವು. ಮುದ್ರಿಸಿಕೊಂಡ ಪ್ಲಾಸ್ಟಿಕ್ ಕೈಯಿಂದ ಬೀಗ ತೆರೆದ ವಿಡಿಯೊಗಳೂ ಬಂದವು.

ಫೋಟೊ ಹಾಕಿದ್ದೇ ತಪ್ಪು ಎಂದು ಆಗ ಅನೇಕರು ಹೇಳಿದರು. ಅದಕ್ಕೆ ಉತ್ತರ ಮರುವರ್ಷ ಸಿಕ್ಕಿತು. 2016ರ ಜುಲೈಯಲ್ಲಿ ನ್ಯೂಯಾರ್ಕಿನ ಹೋಪ್ ಹ್ಯಾಕರ್ ಸಮ್ಮೇಳನದಲ್ಲಿ ಸೇಫ್ ಸ್ಕೈಸ್ ಬೀಗದ ಮಾಸ್ಟರ್ ಕೀಯೂ ಬಯಲಾಯಿತು. ಅದರ ಫೋಟೊ ಎಲ್ಲೂ ಬಂದಿರಲಿಲ್ಲ. ಅಂಗಡಿಯಲ್ಲಿ ಸಿಗುವ ಬೀಗಗಳನ್ನೇ ಕೊಂಡು, ಬಿಚ್ಚಿ, ಹೋಲಿಸಿ ಅದನ್ನು ತಯಾರಿಸಿದ್ದರು. ಈ ಬೀಗಗಳು ಪ್ರಯಾಣಿಕರ ಮನಸ್ಸಮಾಧಾನಕ್ಕೆ ಇರುವಂಥವು, ವಿಮಾನದ ಭದ್ರತೆಗೂ ಇವಕ್ಕೂ ಸಂಬಂಧವಿಲ್ಲ ಎಂಬರ್ಥದ ಮಾತು ಟಿಎಸ್ಎ ಕಡೆಯಿಂದ ಬಂತು. ಅದು ಸುಳ್ಳೂ ಅಲ್ಲ. ಬಾಂಬ್ ಹುಡುಕುವವರಿಗೆ ಬೀಗ ತೆರೆಯಲು ಬಂದರೆ ಸಾಕು. ಇನ್ನು ಯಾರು ಯಾರು ತೆರೆಯಬಹುದು ಎಂಬುದು ನಮ್ಮ ಚಿಂತೆ, ಅವರದಲ್ಲ.

ತೆರೆದರೆ ತಿಳಿಯಬೇಕು

ಪೆನ್ನಿನ ಮೊನೆ, ಸಡಿಲ ಚಕ್ರ, ಮಾಸ್ಟರ್ ಕೀ, ಮೂರೂ ಬೇರೆ ಬೇರೆ ದಾರಿಗಳು. ಮೂರಕ್ಕೂ ಸಮಾನವಾದ ಗುಣ ಒಂದೇ. ಮೂರರಲ್ಲೂ ತೆರೆದದ್ದನ್ನು ಇದ್ದ ಸ್ಥಿತಿಗೆ ತರಬಹುದು. ಹಾಗಿದ್ದ ಮೇಲೆ ಇನ್ನೂ ದಪ್ಪನೆಯ ಬೀಗ ಕೊಳ್ಳುವುದರಿಂದ ಪ್ರಯೋಜನವಿಲ್ಲ. ಒಮ್ಮೆ ತೆರೆದರೆ ಮೊದಲಿನಂತೆ ಮಾಡಲಾಗದ ಏನಾದರೂ ಬ್ಯಾಗಿನ ಮೇಲೆ ಇರಬೇಕು.

ಅಂಥದ್ದು ನಮ್ಮ ಮನೆ ಗೋಡೆಯ ಮೇಲೇ ಇದೆ. ಕರೆಂಟ್ ಮೀಟರಿಗೆ ತಂತಿ ಪೋಣಿಸಿ ಹಾಕಿದ ಸೀಲ್ ನೋಡಿ. ಇಕ್ಕಳದಿಂದ ಒಂದು ಕ್ಷಣದಲ್ಲಿ ಕತ್ತರಿಸಬಹುದು. ಆದರೆ ಅದೇ ನಂಬರಿನ ಸೀಲನ್ನು ಮತ್ತೆ ಹಾಕಲು ಬರುವುದಿಲ್ಲ. ಹಡಗಿನ ಕಂಟೇನರುಗಳಿಗೂ ನಂಬರಿದ್ದ ಸೀಲ್ ಇರುತ್ತದೆ. ಅವು ಕೈಯನ್ನು ತಡೆಯಬೇಕೆಂದಿಲ್ಲ, ಕೈ ಬಿದ್ದದ್ದನ್ನು ಮುಚ್ಚಿಡಲು ಬಿಡದಿದ್ದರೆ ಸಾಕು.

ಬ್ಯಾಗಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ, ರನ್ನರಿನ ಓಡಾಟ ಅರ್ಥವಾಗಿದ್ದರೆ. ಪೆನ್ನಿನಿಂದ ಬಿಚ್ಚಿದ ಜಿಪ್ಪು ಮತ್ತೆ ಮುಚ್ಚಬೇಕಾದರೆ ಜೋಡಿ ರನ್ನರ್ ಆ ಜಾಗದವರೆಗೆ ಓಡಬೇಕು. ಓಡದಂತೆ ಅದನ್ನು ಕಟ್ಟಿಹಾಕಿದರೆ ಜಿಪ್ಪನ್ನು ತೆರೆಯಬಹುದು, ಮುಚ್ಚಲಾಗದು. ಜೋಡಿ ರನ್ನರನ್ನು ಬ್ಯಾಗಿನ ಪಕ್ಕದ ಹಿಡಿಯ ಹತ್ತಿರ ತಂದು, ಎರಡರ ಹಿಡಿಗಳನ್ನೂ ಬ್ಯಾಗಿನ ಹಿಡಿಗೆ ಸೇರಿಸಿ ಬಿಗಿಯಾಗಿ ಸೀಲ್ ಹಾಕಿ. ನಡುವೆ ಅಂಗುಲವೂ ಸಡಿಲ ಇರಕೂಡದು. ಈಗ ಬೇರೆಲ್ಲಿ ಪೆನ್ನು ಚುಚ್ಚಿದರೂ ಬ್ಯಾಗು ಬಾಯಿ ತೆರೆದುಕೊಂಡೇ ಬೆಲ್ಟಿಗೆ ಬರುತ್ತದೆ.

ಎಲೆಕ್ಟ್ರಿಕಲ್ ಅಂಗಡಿಯ ಸಾದಾ ಕೇಬಲ್ ಟೈ ಇದಕ್ಕೆ ಅರ್ಧ ಸಾಲುತ್ತದೆ. ಅದರ ತಲೆಯೊಳಗಿನ ಪುಟ್ಟ ನಾಲಗೆಯನ್ನು ಗುಂಡುಸೂಜಿಯಿಂದ ಎತ್ತಿ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿಸಿ ಹೊಸದನ್ನೂ ಹಾಕಬಹುದು, ಎಲ್ಲ ಒಂದೇ ಥರ ಕಾಣುವುದರಿಂದ. ನಂಬರ್ ಅಚ್ಚೊತ್ತಿದ ಪ್ಲಾಸ್ಟಿಕ್ ಸೀಲ್ ಆದರೆ ವಾಸಿ. ಕೌಂಟರಿಗೆ ಕೊಡುವ ಮುನ್ನ ಸೀಲು, ಅದರ ನಂಬರು, ಟ್ಯಾಗು ಮೂರೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತಪಾಸಣೆಯವರು ಕತ್ತರಿಸಿದರೆ ಕತ್ತರಿಸಲಿ. ಅಮೆರಿಕದಲ್ಲಾದರೆ ಒಳಗೆ ಚೀಟಿ ಇರುತ್ತದೆ. ಸೀಲೂ ಇಲ್ಲ, ಚೀಟಿಯೂ ಇಲ್ಲ ಎಂದರೆ ಅದೇ ಒಂದು ಸುಳಿವು. ಪವರ್ ಬ್ಯಾಂಕನ್ನು ಮರೆತು ಈ ಬ್ಯಾಗಿಗೆ ಹಾಕಿದ್ದರಂತೂ ಅದು ಬದಿಗೆ ಸರಿದು ತೆರೆಸಿಕೊಳ್ಳುವುದೇ ಸೈ. ಪವರ್ ಬ್ಯಾಂಕಿನ ಜಾಗ ಕೈಚೀಲ.

ಬ್ಯಾಗಿನ ಬದಿಯಲ್ಲೇ ರನ್ನರಿನ ಹಿಡಿಗಳನ್ನು ಕಚ್ಚಿಕೊಳ್ಳುವ ಬೀಗವಿದ್ದರೆ ರನ್ನರ್ ಆಗಲೇ ಕಟ್ಟಿಹಾಕಿದಂತೆ. ಆದರೆ ಆ ಬೀಗ 007 ಆಗಿದ್ದರೆ ಅದರ ಕೈಯ ಕಥೆ ಈಗಷ್ಟೇ ಓದಿದಿರಿ. ಮಾಸ್ಟರ್ ಕೀಯಿಂದ ತೆರೆದ ಕೂಡಲೇ ಬಣ್ಣ ಬದಲಿಸಿ ತೋರಿಸುವ ಬೀಗಗಳೂ ಇವೆ. ಕೊಳ್ಳುವುದಾದರೆ ಅಂಥದನ್ನು ಕೊಳ್ಳುವುದು ಮೇಲು. ಜಿಪ್ಪೇ ಇಲ್ಲದೆ ಲೋಹದ ಚೌಕಟ್ಟು, ಚಿಲಕಗಳಿರುವ ಗಟ್ಟಿ ಪೆಟ್ಟಿಗೆಗಳಲ್ಲಿ ಪೆನ್ನಿನ ದಾರಿ ಮುಚ್ಚಿದೆ. ಎರಡು ಪದರ ಸುರುಳಿ ಇರುವ ಜಿಪ್ಪುಗಳೂ ಮೊನೆಗೆ ಸುಲಭವಾಗಿ ಬಗ್ಗುವುದಿಲ್ಲ. ಬ್ಯಾಗಿನೊಳಗೆ ಹಾಕುವ ಟ್ರ್ಯಾಕರ್ ಮಾತ್ರ ಈ ಕೆಲಸಕ್ಕೆ ಆಗದು. ಬ್ಯಾಗು ಎಲ್ಲಿದೆ ಎಂದು ಅದು ಹೇಳುತ್ತದೆ, ಬ್ಯಾಗಿನೊಳಗೆ ಯಾರು ಕೈಹಾಕಿದರು ಎಂದು ಹೇಳುವುದಿಲ್ಲ.

ಏಳು ದಿನದ ಗಡುವು

ಗುರುತು ಬೇಕು ಎಂದದ್ದು ಕಳ್ಳನನ್ನು ಹಿಡಿಯಲು ಮಾತ್ರವಲ್ಲ, ಪರಿಹಾರ ಕೇಳಲೂ ಹೌದು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ 2009ರಿಂದ ಬದ್ಧ. ಚೆಕ್‌-ಇನ್ ಬ್ಯಾಗು ವಿಮಾನ ಕಂಪನಿಯ ವಶದಲ್ಲಿದ್ದಾಗ ಹಾನಿಯಾದರೆ ಕಂಪನಿ ಹೊಣೆ. ಬ್ಯಾಗು ಕೈಗೆ ಬಂದ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು. ಪರಿಹಾರಕ್ಕೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಐಎಂಎಫ್‌ನ ಲೆಕ್ಕದ ಘಟಕ. ನಮ್ಮ ಹಣದಲ್ಲಿ ಆ ಮಿತಿ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು ಬರುತ್ತದೆ. ಒಡವೆ, ನಗದು, ಲ್ಯಾಪ್‌ಟಾಪಿನಂಥವನ್ನು ಚೆಕ್‌-ಇನ್ ಬ್ಯಾಗಿಗೆ ಹಾಕಬೇಡಿ, ಹಾಕಿದರೆ ನಾವು ಜವಾಬ್ದಾರರಲ್ಲ ಎಂದು ಕಂಪನಿಗಳು ತಮ್ಮ ನಿಯಮಗಳಲ್ಲಿ ಬರೆದಿಟ್ಟಿರುತ್ತವೆ. ಹಾಗಾಗಿ ಬೆಲೆಬಾಳುವುದು ನಿಮ್ಮ ಜತೆಯಲ್ಲೇ ಕೈಚೀಲದಲ್ಲಿ ಬರಬೇಕು.

ಮುಚ್ಚಿದ ಬ್ಯಾಗನ್ನು ತೆಗೆದುಕೊಂಡು ಸುಮ್ಮನೆ ಹೊರಬಂದವರು ಎಲ್ಲ ಸರಿಯಾಗಿದೆಯೆಂದು ಒಪ್ಪಿಕೊಂಡಂತೆ; ಅಲ್ಲವೆಂದು ಆಮೇಲೆ ತೋರಿಸಬೇಕಾದ ಹೊರೆ ಅವರದೇ. ಅಲ್ಲೇ ನಿಂತು ಸೀಲ್ ನಂಬರನ್ನು ಫೋಟೊದ ಜತೆ ಹೋಲಿಸಿ. ಜಿಪ್ಪಿನ ಉದ್ದಕ್ಕೂ ಬೆರಳಾಡಿಸಿ. ಅನುಮಾನ ಬಂದರೆ ಬ್ಯಾಗನ್ನು ತೂಕಕ್ಕೆ ಇಡಿಸಿ. ಕೌಂಟರಿನಲ್ಲಿ 23 ಕಿಲೋ ಇದ್ದದ್ದು 21 ಆಗಿದ್ದರೆ ಆ ಎರಡು ಕಿಲೋ ನೀವು ಮರೆತದ್ದಲ್ಲ ಎನ್ನಲು ನಿಮ್ಮ ಕೈಯಲ್ಲೊಂದು ಲೆಕ್ಕ ಇರುತ್ತದೆ. ಹಾಲ್ ಬಿಟ್ಟು ಹೊರಡುವ ಮೊದಲು ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ, ಅದರ ಪ್ರತಿ ಪಡೆಯಿರಿ. ನೂರಾರು ರೂಪಾಯಿಯ ಬೀಗ ಕೊಡದ ರಕ್ಷಣೆಯನ್ನು ಕೆಲವೇ ರೂಪಾಯಿಯ ಸೀಲು ಮತ್ತು ಈ ಹತ್ತು ನಿಮಿಷ ಕೊಡುತ್ತವೆ.